ಮಧ್ಯಾಹ್ನದ ಬಸ್ಸಿಗೆ ಬಂದ ಸುದ್ದಿ

ಬೀರಣ್ಣ, ನಿನ್ನ ಅವ್ವ ತೀರಿಕೊಂಡ ಸುದ್ದಿ ನನಗೆ ಮಧ್ಯಾಹ್ನವೇ ಬಂದಿತ್ತು. ಸಂಜೆಯವರೆಗೆ ನಾನದನ್ನು ಬಚ್ಚಿಟ್ಟೆ. ಹೇಳಿದಾಗಲೂ ಸುಳ್ಳು ಹೇಳಿದೆ — ಈಗಷ್ಟೇ ಸಂಜೆ ಬಸ್ಸಿಗೆ ಬಂತು ಎಂದೆ. ಹತ್ತು ವರ್ಷ ಮೀರಿತು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಹಳೆಯ ನೆನಪು ಹೇಳುತ್ತ ಹೇಳುತ್ತ ಮತ್ತೆ ಜಾರಿಕೊಂಡೇನು. ನನ್ನ ಬುದ್ಧಿ ನನಗೆ ಗೊತ್ತು.

ಆ ಬೇಸಿಗೆ ನಿನಗೆ ನೆನಪಿದೆಯೇ? ಗೊಬ್ಬರವಾಗಲೆಂದು ಸಂಖ ಊರಿನ ನಮ್ಮ ಹೊಲದಲ್ಲಿ ನೀನು ನಿನ್ನ ಕುರಿಗಳನ್ನು ಕೂಡಿಸಿದ್ದೆ. ಸಂಜೆ ಹೊಲಕ್ಕೆ ಬಂದರೆ ನೀವು ಕುರುಬರ ಹುಡುಗರೆಲ್ಲ ಗಜಿ ಕುಣಿತ ಆಡುತ್ತಿದ್ದಿರಿ. ನಡುವೆ ನೀನು ಢೋಲು ಬಾರಿಸುತ್ತಿದ್ದೆ. ಸುತ್ತಲೂ ಅವರು ಎರಡೂ ಕೈಯಲ್ಲಿ ಬಣ್ಣದ ರುಮಾಲು ಬೀಸುತ್ತ, ಮೊಣಕಾಲು ಬಾಗಿಸಿ ಏಳುತ್ತ... ನನಗೆ ತಡೆಯಲಾಗಲಿಲ್ಲ. ಮೂವತ್ತೈದು ದಾಟಿದ, ಹೊಟ್ಟೆ ಬಂದ ಕಿರಾಣಿ ಅಂಗಡಿಯವನು — ನನಗೂ ಕಲಿಸು ಎಂದೆ. ಎಲ್ಲರೂ ನಕ್ಕರು, ನೀನು ನಗಲಿಲ್ಲ.

"ಶೆಟ್ಟರ, ಕಾಲು ಎಣಸಬ್ಯಾಡ್ರಿ. ತಕ್ಕಡಿ ಅಂಗಡ್ಯಾಗ ಬಿಟ್ಟು ಬರ್ರಿ," ಎಂದೆ.

ಅಬ್ಬಾ, ಏನು ಒದ್ದಾಟ ಅದು! ಕಾಲು ಬಲಕ್ಕೆ ಹೋದರೆ ಕೈ ಎಡಕ್ಕೆ. ರುಮಾಲು ಹೋಗಿ ಮುಂದಿನವನ ಮುಖಕ್ಕೆ. ಅಂಗಡಿಯಲ್ಲಿ ಕೂತರೂ ಹಿಮ್ಮಡಿ ಸುಮ್ಮನಿರುತ್ತಿರಲಿಲ್ಲ. "ಗಿರಾಕಿ ನಿಂತಾವ, ನೀವು ಕುಣಕೋಂತ ಬೆಲ್ಲಾ ತೂಗ್ತೀರಲ್ಲ, ಹುಚ್ಚ ಹಿಡದೈತೇನ್ರಿ?" ಎಂದು ನನ್ನ ಹೆಂಡತಿ ರೇಗುತ್ತಿದ್ದಳು. ಮಳೆಗಾಲ ಬರುವಷ್ಟರಲ್ಲಿ ಒಂದು ಸಂಜೆ ಕೈಕಾಲು ತಾವಾಗಿಯೇ ಕೂಡಿದವು. ನೀನು ಬಾರಿಸುತ್ತಲೇ ನನ್ನ ಕಡೆ ನೋಡಿ ತಲೆ ಆಡಿಸಿದೆ. ಅಷ್ಟು ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ, ನಿಜ ಹೇಳುತ್ತೇನೆ.

ಹೊಸಬನನ್ನು ಕುಣಿತಕ್ಕೆ ಸೇರಿಸಿಕೊಳ್ಳುವುದು ದಸರೆಯ ದಿನ, ಬೀರದೇವರ ಗುಡಿಯ ಮುಂದೆ ಮಾತ್ರ — ಅದು ನಿಮ್ಮ ಮೇಳದ ರೂಢಿ. ಊರೆಲ್ಲ ಕಾಯುತ್ತಿತ್ತು: ಶೆಟ್ಟಿ ಕುಣಿಯುತ್ತಾನಂತೆ, ನೋಡೋಣ ಬನ್ನಿ! ಬಿಳಿ ಅಂಗಿ ಹೊಲಿಸಿದ್ದೆ. ಅದನ್ನು ತೊಟ್ಟು ಅಂಗಡಿಯ ಬಾಗಿಲು ಹಾಕುತ್ತಿದ್ದೆ. ನಿನ್ನ ಅವ್ವ, ತಮ್ಮ ಇದ್ದ ಉಮದಿಯಿಂದ ಬಂದ ಬಸ್ಸು ನಿಂತಿತು. ಕಂಡಕ್ಟರ್ ಬಾಗಿಲಿನಿಂದಲೇ ಕೂಗಿದ:

"ಶೆಟ್ಟರ, ಬೀರಣ್ಣಗ ಹೇಳ್ರಿ, ಅವರವ್ವ ಹೋದ್ಳಂತ. ಹೊತ್ತು ಮುಣಗೂದ್ರಾಗ ಮಣ್ಣ ಮಾಡ್ತಾರಂತ. ತಮ್ಮ ಮಲ್ಲಪ್ಪ ಹೇಳಿ ಕಳಿಸ್ಯಾನ, ಲಗೂನ ಬಾ ಅಂದಾನ."

ಹೂಂ ಎಂದೆ. ಬಸ್ಸು ಹೋಯಿತು.

ಗುಡಿಗೆ ಹೋಗುವ ದಾರಿಯಲ್ಲಿ ಹೇಳಬೇಕೆಂದೇ ಇದ್ದೆ — ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಹೇಳಿದರೆ ನಿನಗೆ ಸೂತಕ. ಸೂತಕದಲ್ಲಿ ದೇವರ ಢೋಲು ಮುಟ್ಟುವಂತಿಲ್ಲ. ಕುಣಿತ ನಿಲ್ಲುತ್ತದೆ. ಮತ್ತೆ ಒಂದು ವರ್ಷ. ಒಂದು ಸುತ್ತು ಆಗಲಿ, ಆಮೇಲೆ ಹೇಳಿದರಾಯಿತು... ನೀನು ನನ್ನನ್ನು ಕಂಡು ನಕ್ಕು, "ಬರ್ರಿ ಶೆಟ್ಟರ," ಎಂದೆ. ನಾನು ರುಮಾಲು ಕೈಗೆ ತೆಗೆದುಕೊಂಡೆ.

ಆ ದಿನ ಚೆನ್ನಾಗಿ ಕುಣಿದೆ. ಅದನ್ನೂ ಮುಚ್ಚಿಡುವುದಿಲ್ಲ. ಒಂದು ಸುತ್ತು ಮುಗಿಯಿತು, ಇನ್ನೊಂದು ಮುಗಿಯಿತು, ನನಗೆ ನಿಲ್ಲಿಸುವ ಮನಸ್ಸಾಗಲಿಲ್ಲ. ಹೊತ್ತು ಇಳಿದ ಮೇಲೆ, ಸಂಜೆ ಬಸ್ಸಿನ ಸದ್ದು ಕೇಳಿ, ಹೋಗಿ ಬಂದವನಂತೆ ಮಾಡಿ ನಿನಗೆ ಹೇಳಿದೆ. "ಯವ್ವಾ, ನಾ ಇಲ್ಲಿ ಢೋಲ ಬಾರಸ್ತಿದ್ನಲ್ಲಬೇ," ಎಂದು ನೀನು ನೆಲಕ್ಕೆ ಕುಸಿದೆ. ಆ ಮಾತು ನನ್ನನ್ನು ಬಿಟ್ಟಿಲ್ಲ.

ನೀನು ಉಮದಿ ಮುಟ್ಟಿದಾಗ ಮಣ್ಣಾಗಿತ್ತು. ಹಿರಿಯ ಮಗ ಹಾಕಬೇಕಾದ ಮೊದಲ ಹಿಡಿ ಮಣ್ಣನ್ನು ಮಲ್ಲಪ್ಪ ಹಾಕಿದ್ದ. ಮಧ್ಯಾಹ್ನದ ಬಸ್ಸಿಗೇ ಹೇಳಿ ಕಳಿಸಿದ್ದೆ ಎಂದು ಅವನು ಆಣೆ ಮಾಡಿದನಂತೆ. "ಶೆಟ್ಟರು ಸುಳ್ಳ ಹೇಳ್ತಾರೇನು?" ಎಂದೆಯಂತೆ ನೀನು. ಕಂಡಕ್ಟರನನ್ನೂ ಕೇಳಲಿಲ್ಲ. ಅಂದಿನಿಂದ ತಮ್ಮನ ಮನೆಯ ನೀರು ಮುಟ್ಟಿಲ್ಲ. ಅವನ ಮಗಳ ಮದುವೆಗೂ ಹೋಗಲಿಲ್ಲ. ನೀನು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಅವನನ್ನು ಬೈಯುತ್ತಿದ್ದೆ, ನಾನು ಚಹಾ ಕೊಟ್ಟು ಕೇಳುತ್ತಿದ್ದೆ — ಥೂ, ನನ್ನ ಜನ್ಮಕ್ಕೆ!

ನಿನ್ನೆ ಉಮದಿಗೆ ಹೋಗಿದ್ದೆ. ಮಲ್ಲಪ್ಪನಿಗೆ ಎಲ್ಲ ಹೇಳಿದೆ. ಹೊಡೆಯುತ್ತಾನೆಂದುಕೊಂಡಿದ್ದೆ. ಅವನು ಹೊಡೆಯಲಿಲ್ಲ, ಆ ದಿನದ ಮಾತು ತೆಗೆದ. ಹೊತ್ತು ಮುಳುಗಿದರೂ ಅವ್ವನ ಮುಖ ಮುಚ್ಚಲು ಬಿಡದೆ, ಹಾದಿಯ ಕಡೆ ನೋಡುತ್ತ ನಿಂತಿದ್ದನಂತೆ; ಊರ ಹಿರಿಯರು ಬೈದ ಮೇಲೆ ಮಣ್ಣು ಕೊಟ್ಟನಂತೆ. ಇಷ್ಟು ಹೇಳಿ, ಕಡೆಗೆ ಒಂದೇ ಮಾತು ಕೇಳಿದ:

"ಅಣ್ಣ ಇನ್ನರ ಬರ್ತಾನೇನ್ರಿ?"

ಆ ಮಾತನ್ನು ನಿನಗೆ ಮುಟ್ಟಿಸುತ್ತಿದ್ದೇನೆ. ನನ್ನನ್ನು ಕ್ಷಮಿಸು ಎನ್ನುವುದಿಲ್ಲ, ಬೀರಣ್ಣ. ನನಗೆ ಅನ್ನುವುದನ್ನು ಆಮೇಲೆ ಅನ್ನು. ಮೊದಲು ಉಮದಿಗೆ ಹೋಗು.