ನೆಟ್ಟಗೆ ನಿಂತ ಕಾಲು

ನನ್ನ ಗಂಡನಿಗೆ ಊರಿಟ್ಟ ಹೆಸರು ನೆಟ್ಟಗೆ ಮಾಸ್ಟರು. ಫೋಟೋ ಸ್ಟುಡಿಯೊಗೆ ಬಂದವರಿಗೆಲ್ಲ ಅವರು ಹೇಳುವ ಮೊದಲ ಮಾತೇ "ನೆಟ್ಟಗೆ ನಿಲ್ಲಿ". ಆಮೇಲೆ ಕೈಚಳಕ ಶುರು. ಗೂನು ಬೆನ್ನಿನವರನ್ನು ಕುರ್ಚಿಯ ಹಿಂದೆ ನಿಲ್ಲಿಸುವರು, ಮೆಳ್ಳಗಣ್ಣಿನವರ ಮುಖವನ್ನು ಕೊಂಚ ಆಚೆ ತಿರುಗಿಸುವರು. ಯಾರಿಗೂ ನೋವಾಗದಂತೆ ಐಬು ಮುಚ್ಚುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಜಗಳದಲ್ಲಿ ನನ್ನನ್ನು ಮೀರಿಸುವವರಿಲ್ಲ, ಅದು ಬೇರೆ ಮಾತು.

ಅವರ ಬಲಗಾಲಿಗೂ ಒಂದು ಐಬಿತ್ತು. ಮದುವೆಗೆ ಮುಂಚೆ ಸ್ಟುಡಿಯೊದ ದೀಪ ಕಟ್ಟಲು ಏಣಿ ಹತ್ತಿ ಬಿದ್ದು ತೊಡೆಯ ಮೂಳೆ ಮುರಿದಿತ್ತು. ಅದು ಸೊಟ್ಟಗೆ ಕೂಡಿಕೊಂಡು ಕಾಲು ಮಂಡಿಯ ಹತ್ತಿರ ಹೊರಕ್ಕೆ ಬಾಗಿತು. "ಬಿದ್ದಿದ್ದೆ, ವಾಸಿಯಾಯ್ತು" ಎಂದಷ್ಟೇ ನನಗೆ ಹೇಳಿದ್ದರು. ದೊಗಲೆ ಪ್ಯಾಂಟು ಹಾಕಿ, ಪಾದವನ್ನು ಒಳಕ್ಕೆ ತಿರುಗಿಸಿ, ಮಂಡಿ ತುಸು ಸಡಿಲಿಸಿ ನಿಂತರೆ ಬಾಗಿದ ಕಾಲು ನೇರವಾಗಿ ಕಾಣುತ್ತಿತ್ತು. ಮನೆಯೊಳಗೂ ಅದೇ ನಿಲುವು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ನಾನೂ ಕಾಣದವಳಂತೆ ಇದ್ದುಬಿಟ್ಟೆ.

ಕೊನೆಗೆ ಆ ಮಂಡಿ ಪೂರ್ತಿ ಸವೆದು, ಮೆಟ್ಟಿಲು ಹತ್ತಿದರೆ ಪ್ರಾಣ ಹೋಗುವಂತಾಯಿತು. ಮಂಡಿ ಬದಲಿಸುವುದೆಂದು ತೀರ್ಮಾನವಾಗಿ ಆಸ್ಪತ್ರೆ ಸೇರಿದೆವು. ಆಪರೇಷನ್ ದಿನ ಬೆಳಿಗ್ಗೆ ಡಾಕ್ಟರು ಉದ್ದನೆಯ ಎಕ್ಸ್‌ರೇ ಹಿಡಿದು ವಾರ್ಡಿಗೆ ಬಂದರು.

"ಮಾಮೂಲಾಗಿ ತೊಡೆ ಮೂಳೆಯೊಳಗೆ ಒಂದು ಸರಳು ತೂರಿಸ್ತೀವಮ್ಮ. ಅದರ ನೇರಕ್ಕೆ ಅಳೆದು ಮೂಳೆ ಕೊಯ್ಯೋದು. ಇವರದು ಸೊಟ್ಟ ಕೂಡಿದೆ, ಸರಳು ಹೋಗಲ್ಲ. ಸೊಂಟದಿಂದ ಪಾದದವರೆಗೆ, ನಿಲ್ಲಿಸಿ ತೆಗೆದಿರೋ ಈ ಎಕ್ಸ್‌ರೇನೇ ನಮಗೆ ಆಧಾರ."

"ಚೆನ್ನಾಗಿ ಬಂದಿದೆ ಅಲ್ವಾ?" ಎಂದರು ನನ್ನ ಗಂಡ, ಯಾರದೋ ಮದುವೆ ಫೋಟೋ ತೋರಿಸುವವರಂತೆ.

ಡಾಕ್ಟರು ನಗಲಿಲ್ಲ. "ಅದೇ ನನ್ನ ಅನುಮಾನ. ಮಲಗಿಸಿ ನೋಡಿದ್ರೆ ಕಾಲು ಜಾಸ್ತಿ ಬಾಗಿದೆ. ಇದರಲ್ಲಿ ಅಷ್ಟಿಲ್ಲ. ಅಳತೆ ತಪ್ಪಿದ್ರೆ ಹೊಸ ಮಂಡಿ ಮೇಲೆ ಒಂದೇ ಕಡೆ ಭಾರ ಬಿದ್ದು ಬೇಗ ಹಾಳಾಗುತ್ತೆ. ಮತ್ತೆ ಬಿಚ್ಚಿ ಹಾಕೋದು ಈ ಮೂಳೇಲಿ ತುಂಬಾ ಕಷ್ಟ. ನೀವು ದಿನಾ ಹೇಗೆ ನಿಲ್ತೀರೋ ಹಾಗೇ ನಿಂತಿದ್ರಿ ತಾನೇ?"

"ಹಾಗೇ ನಿಂತಿದ್ದೆ" ಎಂದರು ಅವರು, ಗೋಡೆ ನೋಡುತ್ತ.

ಈಗ ನಿಜ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ತಳ್ಳುಗಾಡಿ ಬಂತು. ಅವರನ್ನು ಅದರ ಮೇಲೆ ಮಲಗಿಸಿದರು. ಚಾದರದಡಿಯಿಂದ ಅವರು ನನ್ನ ಕೈ ಹಿಡಿದು ಒತ್ತಿದರು. ಸುಮ್ಮನಿರು ಎಂದು ಅರ್ಥ. ಗಾಡಿ ಬಾಗಿಲು ದಾಟುತ್ತಿದ್ದಂತೆ ನಾನು ಹಿಂದೆಯೇ ಓಡಿದೆ.

"ನಿಲ್ಲಿಸ್ರೀ!" ಎಂದು ಕೂಗಿದೆ. "ಸುಳ್ಳು ಡಾಕ್ಟ್ರೇ. ಇವರು ಎಕ್ಸ್‌ರೇಗೂ ಪೋಸ್ ಕೊಟ್ಟಿದಾರೆ!"

"ಬಾಯಿ ಮುಚ್ಚೇ!" ಎಂದರು ಗಂಡ. ಅಷ್ಟು ವರ್ಷದಲ್ಲಿ ನನಗೆ ಅವರು ಹಾಗೆ ಅಂದವರಲ್ಲ.

"ಇನ್ನೊಂದು ತೆಗೀದೆ ನಾನು ಕೈ ಹಾಕಲ್ಲ" ಎಂದು ಡಾಕ್ಟರು ಗಾಡಿಯನ್ನು ಎಕ್ಸ್‌ರೇ ಕೋಣೆಗೆ ತಿರುಗಿಸಿದರು.

ಅಲ್ಲಿದ್ದ ಹೆಂಗಸು ನನ್ನ ಗಂಡನನ್ನು ಹಲಗೆಗೆ ಒರಗಿಸಿ ನಿಲ್ಲಿಸಿ, ಮಂಡಿಚಿಪ್ಪು ನೇರ ಮುಂದಕ್ಕೆ ಬರುವಂತೆ ಕಾಲನ್ನು ತಿರುಗಿಸಿದಳು. ಯಂತ್ರ ಒತ್ತಲು ಅವಳು ಗಾಜಿನ ಗೋಡೆಯ ಈಚೆ ಬರುವಷ್ಟರಲ್ಲಿ ಪಾದ ಒಳಕ್ಕೆ ಜಾರಿತ್ತು. ಮತ್ತೆ ತಿರುಗಿಸಿದಳು. ಮತ್ತೆ ಜಾರಿತು. ಆಪರೇಷನ್ ಥಿಯೇಟರಿನಿಂದ ಯಾರೋ ಬಂದು ಡಾಕ್ಟರನ್ನು ಅವಸರಿಸಿ ಹೋದರು.

"ಮಾಮೂಲಾಗಿ ನಿಲ್ಲಿ ಸರ್, ಅಷ್ಟೇ" ಎಂದಳು ಅವಳು.

"ಹೇಗೆ ಅಂತ ಗೊತ್ತಾಗ್ತಿಲ್ಲಮ್ಮ" ಎಂದರು. ಹಣೆಯ ಮೇಲೆ ಬೆವರಿತ್ತು. "ಬೇಕು ಅಂತ ಮಾಡ್ತಿಲ್ಲ. ನಾನು ಹೇಗೆ ನಿಲ್ತಿದ್ದೆ ಅನ್ನೋದೇ ಮರೆತುಹೋಗಿದೆ."

ಅಯ್ಯೋ ಪಾಪ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ನೆತ್ತಿಗೇರಿತು. ಗಾಜಿನ ಈಚೆ, ಬಾಗಿಲ ಸಂದಿಯಲ್ಲಿ ನಿಂತಿದ್ದ ನಾನು ಬಾಯಿ ಬಿಟ್ಟೆ.

"ರೀ, ಅಪ್ಪನ ಹತ್ರ ನನ್ನ ಕೇಳೋಕೆ ಬಂದ್ರಲ್ಲ, ಆವತ್ತು ನಾನು ಮಹಡಿ ಕಿಟಕೀಲಿದ್ದೆ. ಬೀದಿ ಉದ್ದಕ್ಕೂ ಕಾಲು ಎಳ್ಕೊಂಡು ಬಂದ್ರಿ. ನಮ್ಮನೆ ಬಾಗಿಲು ಕಂಡಿದ್ದೇ ನೆಟ್ಟಗಾದ್ರಿ. ಎಲ್ಲಾ ನೋಡಿದೀನಿ."

ಅವರು ನನ್ನತ್ತ ಕತ್ತು ಹೊರಳಿಸಿದರು. "ಏನಂದೆ?"

"ಕಣ್ಣಿಲ್ವಾ ನಂಗೆ? ನೋಡೇ ಒಪ್ಕೊಂಡಿದ್ದು!"

ಅವರ ಭುಜ ಇಳಿಯಿತು. ಮೈಭಾರವೆಲ್ಲ ಕಾಲಿಗೆ ಬಂತು. ಪಾದ ತಾನಾಗಿ ತನ್ನ ಜಾಗಕ್ಕೆ ಹೋಯಿತು, ಮಂಡಿ ಹೊರಕ್ಕೆ ಬಾಗಿತು. ನನ್ನೆದುರು ಅವರು ಹಾಗೆ ನಿಂತದ್ದು ಅದೇ ಮೊದಲು.

"ಅಲ್ಲಾಡಬೇಡಿ ಸರ್!" ಎಂದಳು ಆ ಹೆಂಗಸು.

ಅವರು ಅಲ್ಲಾಡಲಿಲ್ಲ. ನನ್ನನ್ನೇ ನೋಡುತ್ತಿದ್ದರು.

ಡಾಕ್ಟರು ಎರಡೂ ಎಕ್ಸ್‌ರೇಗಳ ಮೇಲೆ ಸೊಂಟದಿಂದ ಪಾದಕ್ಕೆ ಗೆರೆ ಎಳೆದರು. ಮೊದಲನೆಯದರಲ್ಲಿ ಗೆರೆ, ನೇರ ಕಾಲಿನಲ್ಲಿ ಹಾಯುವಂತೆ, ಮಂಡಿಯ ನಡುವಿನ ಹತ್ತಿರವೇ ಹಾದಿತ್ತು. ಎರಡನೆಯದರಲ್ಲಿ ಮಂಡಿಯನ್ನೇ ಬಿಟ್ಟು ಒಳಗಡೆ ಸರಿದಿತ್ತು. "ಮೊದಲನೇದನ್ನೂ ನಾನೇ ಜೊತೆಗಿದ್ದು ತೆಗೆಸಬೇಕಿತ್ತು" ಎಂದು ಹೇಳಿ, ಹೊಸ ಅಳತೆ ಬರೆದುಕೊಂಡು ಒಳಗೆ ಹೋದರು. ಹೊರಗೆ ಬೆಂಚಿನ ಮೇಲೆ ಕೂತು ನಾನು ಕಂಡ ದೇವರಿಗೆಲ್ಲ ಕೈಮುಗಿದೆ. ಎಷ್ಟೋ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದು, "ಗೆರೆ ನಡುಮಧ್ಯ ಬಂದಿದೆ ಕಣಮ್ಮ" ಎಂದರು.

ನನ್ನನ್ನು ಒಳಗೆ ಬಿಟ್ಟಾಗ ನನ್ನ ಗಂಡನಿಗೆ ಸೊಂಟದ ಕೆಳಗೆ ಇನ್ನೂ ಜೋಮು. ತುಟಿ ಒಣಗಿತ್ತು.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಎಂದು ಕೇಳಿದರು.

"ನಿಮಗೆ ನೋವಾಗುತ್ತೆ ಅಂತ."

"ಕಾಲಿನ ನೋವು ತಡ್ಕೊಂಡೆ ಕಣೇ" ಎಂದರು. "ನೀನೆಲ್ಲಿ ನೋಡ್ಬಿಡ್ತೀಯೋ ಅನ್ನೋದೇ ದಿನಾ ಸಾಯಿಸ್ತಿತ್ತು."

ನರ್ಸು ನೋಡುತ್ತಿದ್ದಾಳೆ ಎಂಬ ಪರಿವೆಯೂ ಇಲ್ಲದೆ ನಾನು ಅಲ್ಲೇ ಜೋರಾಗಿ ಅತ್ತುಬಿಟ್ಟೆ.