ಪರದೆಯ ಆಚೆಗೊಂದು ಕೈ, ಈಚೆಗೊಂದು ಕಣ್ಣು

ಆ ದಿನ ಬೆಳಿಗ್ಗೆ ಲಿಂಗಸುಗೂರಿನಲ್ಲಿ ಮೂಡಲಗಾಳಿ ಬೀಸುತ್ತಿತ್ತು. ಬಿಸಿಲು ಬಿದ್ದರೂ ಚಳಿ ಬಿಟ್ಟಿರಲಿಲ್ಲ, ಆಸ್ಪತ್ರೆಯ ಕಟ್ಟೆಯ ಮೇಲಿನ ಹೆಣ್ಣುಮಕ್ಕಳು ತಲೆತುಂಬ ಕೌದಿ ಹೊದ್ದು ಕುಳಿತಿದ್ದರು. ೧೯೯೪ರ ಆ ಬೆಳಗನ್ನು ಬಿಟ್ಟು ಈಗ ನಿವೃತ್ತರಾಗುತ್ತಿರುವ ಪೂಜ್ಯ ಡಾ. ಯಂಕೋಬ ಅವರ ಬಗ್ಗೆ ಬರೆಯಲು ನನ್ನ ಮನಸ್ಸು ಒಪ್ಪದು.

ಕಿವಿಗೆ ಕೇಳದ ಧ್ವನಿಯನ್ನು ಮೈಯೊಳಗೆ ಕಳಿಸಿ, ಮರಳಿ ಬಂದ ಮಾರ್ದನಿಯಿಂದ ಚಿತ್ರ ಬಿಡಿಸುವ ಸ್ಕ್ಯಾನಿಂಗ್ ವಿದ್ಯೆಯನ್ನು ನಮ್ಮ ಸೀಮೆಗೆ ತಂದವರಲ್ಲಿ ಅವರು ಮೊದಲಿಗರು. ಉಳಿದವರು ಅದನ್ನು ಬಸಿರು ನೋಡಲು ಬಳಸುತ್ತಿದ್ದಾಗ ಇವರು ಹೆಚ್ಚು ಕಂಪನದ ಧ್ವನಿಯ ಬೆನ್ನು ಹತ್ತಿದರು. ಆ ಧ್ವನಿ ಆಳಕ್ಕಿಳಿಯದು. ಆದರೆ ಚರ್ಮದ ಕೆಳಗಿನ ಒಂದೆರಡು ಅಂಗುಲವನ್ನು ಎಳೆಎಳೆಯಾಗಿ ತೋರಿಸುತ್ತದೆ. ಗಂಟನ್ನು ನೋಡಿದರಷ್ಟೇ ಸಾಲದು, ಒತ್ತಿಯೂ ನೋಡಬೇಕು, ಮೆತ್ತಗಿನದು ಚಪ್ಪಟೆಯಾಗುತ್ತದೆ, ಕ್ಯಾನ್ಸರಿನಂಥ ಕೇಡಿನದು ಸಾಮಾನ್ಯವಾಗಿ ಜಗ್ಗುವುದಿಲ್ಲ ಎಂಬುದು ನಮಗೆ ಅವರು ಹೇಳಿಕೊಟ್ಟ ಪಾಠ.

೧೯೮೨ರಲ್ಲಿ ಮಸ್ಕಿಯಲ್ಲಿ ಸೇವೆಗೆ ನಿಂತಾಗ ಅವರ ಬಳಿ ಇದ್ದದ್ದು ಬೆರಳುಗಳಷ್ಟೇ. ಸಿಂಧನೂರಿಗೆ ಬಂದ ಮೇಲೆ, ದಢೇಸುಗೂರಿನ ಗದ್ದೆಗಳಲ್ಲಿ ನಾಟಿ ಮಾಡಿ ಮಣಿಕಟ್ಟು ಊದಿಸಿಕೊಂಡ ಹೆಣ್ಣಾಳುಗಳ ಕೈ ಹಿಡಿದು, ಒಳಗಿನದು ಕಾಣುವಂತಿದ್ದರೆ ಎಂದು ಹಂಬಲಿಸುತ್ತಿದ್ದರಂತೆ. ಬಸ್ಸು ತಪ್ಪಿದವರಿಗೆ ತಮ್ಮ ಪಡಸಾಲೆಯಲ್ಲಿ ಹಾಸಿಕೊಟ್ಟು, ಮುಂಜಾನೆ ಬುತ್ತಿ ಕಟ್ಟಿಸಿ ಕಳಿಸಿದ್ದನ್ನು ಅಲ್ಲಿಯ ಜನ ಇಂದಿಗೂ ಹೇಳುತ್ತಾರೆ.

ಲಿಂಗಸುಗೂರಿನ ಧರ್ಮಾಸ್ಪತ್ರೆಗೆ ಯಂತ್ರ ಬಂದಾಗ ನಾನು ಅವರ ಕಿರಿಯ ಸಹೋದ್ಯೋಗಿ. ಅಭ್ಯಾಸಕ್ಕೆಂದು ಅವರು ಆಡಿನ ಪಿತ್ತಜನಕಾಂಗವನ್ನು ತರಿಸಿ, ಅದರೊಳಗೆ ಕಾಳೊಂದನ್ನು ಹುದುಗಿಸಿ, ನೀರಿನಲ್ಲಿಟ್ಟು ಒತ್ತಿ ನೋಡುತ್ತಿದ್ದರು. ಜೀವಮಾನದಲ್ಲಿ ಮಾಂಸ ಮುಟ್ಟದವರು ಕಟುಕರ ದಾವಲ್‌ಸಾಬನ ಅಂಗಡಿಗೆ ತಾವೇ ಹೋಗುತ್ತಿದ್ದರು.

"ಸಾಹೇಬ್ರ, ಉಪ್ಪೂ ಬ್ಯಾಡ, ಖಾರಾನೂ ಬ್ಯಾಡ, ಟಿವ್ಯಾಗ ನೋಡೇ ಹೊಟ್ಟಿ ತುಂಬಿಸ್ಕೊಳ್ಳೋರನ್ನ ನಿಮ್ಮೊಬ್ರನ್ನ ಕಂಡೀನಿ ನೋಡ್ರಿ," ಎಂದು ಅವನು ನಗುತ್ತಿದ್ದ.

"ನಮ್ಮ ಮನ್ಯಾಗ ಮಾತ್ರ ಹೇಳಬ್ಯಾಡಪಾ," ಎನ್ನುತ್ತಿದ್ದರು ಇವರು.

ಎದೆಯ ಗಂಟು ತೋರಿಸಲು ಹೆಣ್ಣುಮಕ್ಕಳು ನಾಚುತ್ತಿದ್ದರು. ಅದಕ್ಕೆ ಅವರು ನಡುವೆ ಪರದೆ ಕಟ್ಟಿಸಿದರು. ಆಚೆಗೆ ನರ್ಸ್ ಆದಮ್ಮನವರು ಯಂತ್ರದ ಹಿಡಿಕೆಯನ್ನು ಗಂಟಿನ ಮೇಲಿಟ್ಟು ಒತ್ತಬೇಕು. ಈಚೆಗೆ ಇವರು ಚಿತ್ರ ನೋಡಬೇಕು.

ಮೂಡಲಗಾಳಿಯ ಆ ಬೆಳಿಗ್ಗೆ ಗುರುಗುಂಟಾದ ಸೂಗಮ್ಮ ಅತ್ತೆ ತಿಮ್ಮವ್ವನೊಡನೆ ಬಂದಳು. ಕಂಕುಳಲ್ಲಿ ಮೊಲೆಗೂಸು, ಎದೆಯಲ್ಲಿ ಗಂಟು, ಗಂಟಿನ ಮೇಲೆ ಮಠದ ಗುರುಗಳು ಕೊಟ್ಟ ವಿಭೂತಿಯ ದಪ್ಪ ಲೇಪ. "ಒರಸಬ್ಯಾಡ್ರಿ ಅಕ್ಕಾರ, ಗುರುಗಳು ಕೊಟ್ಟದ್ದೈತಿ," ಎಂದು ಪರದೆಯ ಆಚೆ ಪಿಸುನುಡಿದಳಂತೆ. ಆದಮ್ಮನವರು ಯೇಸುವಿನ ಭಕ್ತರು. ಇನ್ನೊಬ್ಬರ ಪ್ರಸಾದವನ್ನು ಒರೆಸಲು ಮನಸ್ಸಾಗದೆ ಅದರ ಮೇಲೆಯೇ ಜೆಲ್ ಸವರಿ ಹಿಡಿಕೆಯಿಟ್ಟರು. ಈಚೆ ಕಂಡದ್ದು ಕಪ್ಪು ನೆರಳು. ಒತ್ತಿಸಿದರೂ ಅದು ಜಗ್ಗಲಿಲ್ಲ.

"ಗಟ್ಟಿ ಐತಿ. ರಾಯಚೂರಿಗೆ ಹೋಗ್ರಿ, ತೆಗಿಸಬೇಕಾದೀತು," ಎಂದುಬಿಟ್ಟರು ವೈದ್ಯರು.

ತಿಮ್ಮವ್ವ ಅಲ್ಲಿಯೇ ಕೂಸನ್ನು ಸೊಸೆಯ ಕೈಯಿಂದ ತೆಗೆದುಕೊಂಡಳು. "ಇನ್ನ ಈ ಹಾಲು ಕೂಸಿಗೆ ಬ್ಯಾಡ."

ಸಂಜೆ ಹಿಡಿಕೆ ಒರೆಸುತ್ತಿದ್ದ ಆದಮ್ಮನವರ ಬಟ್ಟೆ ಬೆಳ್ಳಗಾಯಿತು. "ಸಾಹೇಬ್ರ, ಈಬತ್ತಿ ಹತ್ತೈತ್ರಿ. ಗುರುಗಳದು ಅಂದ್ಲು, ನಾ ಹೆಂಗ ಒರಸ್ಲಿ?"

ವೈದ್ಯರು ಆ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಒಣಬೂದಿ ಧ್ವನಿಯನ್ನು ಒಳಗೆ ಬಿಡುವುದಿಲ್ಲ. ತಾವು ಕಂಡ ನೆರಳು ಗಂಟಿನದಲ್ಲ, ಲೇಪದ್ದು. "ನಾನರ ಏನು ಹಚ್ಚ್ಯಾಳಂತ ಒಂದು ಮಾತು ಕೇಳಿದ್ನೇನವ್ವಾ?" ಎಂದರು.

ಮರುದಿನ ಬೆಳಗಾಗುತ್ತಲೇ ಜೀಪು ಮಾಡಿಕೊಂಡು ನಾವು ಗುರುಗುಂಟಾಕ್ಕೆ ಹೋದೆವು. ಕೂಸು ಆಡಿನ ಹಾಲು ಒಲ್ಲದೆ ಅತ್ತು ಅತ್ತು ದನಿ ಬಿದ್ದಿತ್ತು. ಸೂಗಮ್ಮನ ಕುಪ್ಪಸ ತೊಯ್ದಿತ್ತು.

ತಿಮ್ಮವ್ವ ಬಾಗಿಲಿಗೆ ಅಡ್ಡ ನಿಂತಳು. "ನಿನ್ನಿ ತೆಗಿಸ್ರಿ ಅಂದ್ರಿ, ಇವತ್ತ ತಿರುಗಿ ನೋಡ್ತೀನಂತೀರಿ. ನಿಮ್ಮ ಮಷಿನ್ನಿಗೆ ದಿನಕ್ಕೊಂದು ನಾಲಿಗಿ ಏನ್ರಿ?"

"ಮಷಿನ್ನಿಂದೇನೂ ತಪ್ಪಿಲ್ಲವ್ವಾ. ನೋಡಿದಾವ ನಾನು, ತಪ್ಪು ನಂದು," ಎಂದು ನೆರೆದ ಓಣಿಯವರ ಎದುರಿಗೇ ಕೈಮುಗಿದರು. ನಾನು ತಲೆತಗ್ಗಿಸಿದೆ, ಅವರು ತಗ್ಗಿಸಲಿಲ್ಲ.

ತಿಮ್ಮವ್ವ ದಾರಿ ಬಿಟ್ಟ ಮೇಲೆ ಅತ್ತೆ ಸೊಸೆಯರನ್ನು ಆಸ್ಪತ್ರೆಗೆ ಕರೆತಂದು, "ತಾಯಿ, ಗುರುಗಳದನ್ನ ನಾವು ಮುಟ್ಟಂಗಿಲ್ಲ. ನೀನ ತೆಗೆದು ಹಣಿಗೆ ಹಚ್ಕೋ," ಎಂದರು. ಸೂಗಮ್ಮ ಹಚ್ಚಿಕೊಂಡಳು, ಉಳಿದದ್ದನ್ನು ತಾನೇ ತೊಳೆದುಕೊಂಡಳು. ಆದಮ್ಮನವರ ಕೈ ಒತ್ತಿದಂತೆ ಗಂಟು ಚಪ್ಪಟೆಯಾಗಿ, ಒಳಗಿನದು ಮೆಲ್ಲಗೆ ಅತ್ತಿತ್ತ ಹರಿದಾಡಿತು. ಆದರೂ ಅವರು ಕಣ್ಣನ್ನೊಂದೇ ನಂಬದೆ, ಅವಳ ಒಪ್ಪಿಗೆ ಪಡೆದು ಪರದೆ ದಾಟಿ ಹೋಗಿ ಸೂಜಿ ಹಾಕಿದರು. ಬಂದದ್ದು ಗಟ್ಟಿ ಹಾಲು, ಗಂಟು ಇಳಿಯಿತು.

ಅಂದಿನಿಂದ ಪರದೆ ಉಳಿಯಿತು, ಆದರೆ "ಏನು ಹಚ್ಕೊಂಡೀಯವ್ವಾ?" ಎಂಬ ಮಾತಿಲ್ಲದೆ ಯಂತ್ರ ಶುರುವಾಗಲಿಲ್ಲ. ಇಂಥ ಗುರುಗಳಿಗೆ ಈ ನಿವೃತ್ತಿಯ ನಂತರವೂ ಭಗವಂತನು ನೂರ್ಕಾಲ ಆಯುರಾರೋಗ್ಯ ಕೊಡಲಿ, ನಮ್ಮ ಕೈಗಳನ್ನು ಅವರು ಇನ್ನೂ ತಿದ್ದುತ್ತಿರಲಿ. ಹೀಗೆ ಬೇಡಿಕೊಳ್ಳುವಾಗ ನನ್ನ ಕಣ್ಣಿಗೆ ಕಟ್ಟುವುದು ಆ ಮಧ್ಯಾಹ್ನದ ಆಸ್ಪತ್ರೆಯ ಕಟ್ಟೆ. "ಹಾಲು ಕಟ್ಟಿತ್ತವ್ವಾ, ಅಷ್ಟ. ಕೂಸಿಗೆ ಕುಡಿಸ್ಲಿ," ಎಂದು ವೈದ್ಯರು ಹೇಳಿದಾಗ ತಿಮ್ಮವ್ವ ಸೆರಗಿನೊಳಗಿಂದ ಕೂಸನ್ನು ತೆಗೆದು ಸೊಸೆಯ ಮಡಿಲಲ್ಲಿಟ್ಟು, ಗಾಳಿ ತಾಗದಂತೆ ಇಬ್ಬರಿಗೂ ಕೌದಿ ಹೊದಿಸಿ, ಆ ಕಡೆ ಮುಖ ಮಾಡಿ ಕುಳಿತಳು.