ಮೆಟ್ಟಿಲೇರಿದ ವರದಿಗಳು

"ಎಂತ ಮಾರಾಯ್ರೆ, ನಿಮ್ಮ ಸರ್ವರ್ ಸ್ಟ್ರೈಕ್ ಮಾಡ್ತಾ ಉಂಟಾ?" ಎಂದು ಪ್ರಯೋಗಾಲಯದ ಹಿರಿಯ ತಂತ್ರಜ್ಞೆ ವಾಸಂತಿಯಕ್ಕ ಬಾಗಿಲಲ್ಲಿ ನಿಂತು ಕೇಳಿದಾಗ, ನನ್ನ ಬೆರಳು ಕೀಲಿಮಣೆಯ ಎಂಟರ್ ಗುಂಡಿಯ ಮೇಲಿತ್ತೆಂದು ವಿನಯಪೂರ್ವಕವಾಗಿ ನಿವೇದಿಸುತ್ತೇನೆ.

ನಾನು ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಬಲ್ಮಠದ ನಮ್ಮ ಆಸ್ಪತ್ರೆಯಲ್ಲಿ ಒಂದು ಸರ್ವರ್ ನಿಂತರೆ ಅದರ ಜೋಡಿ ಸರ್ವರ್ ಕೆಲಸ ವಹಿಸಿಕೊಳ್ಳುತ್ತದೆ. ಅಂದು ಬೆಳಿಗ್ಗೆ ವಹಿಸಿಕೊಂಡಿತಾದರೂ, ಅದರೊಳಗಿನ ಭದ್ರತಾ ವ್ಯವಸ್ಥೆಯು ರಕ್ತಪರೀಕ್ಷೆಯ ವರದಿಗಳನ್ನು ತೆರೆಯಲು ಅನುಮತಿ ನಿರಾಕರಿಸಿತು. ಮೂರನೆಯ ಮಹಡಿಯಲ್ಲಿ ರೋಗಿಗಳು ಶಸ್ತ್ರಚಿಕಿತ್ಸೆಗೆ ಸಿದ್ಧರಾಗಿದ್ದರು. ಆ ಭದ್ರತಾ ವ್ಯವಸ್ಥೆಯನ್ನೇ ನಿಲ್ಲಿಸುವ ಆದೇಶವನ್ನು ನಾನು ಟೈಪ್ ಮಾಡಿಯಾಗಿತ್ತು. ನಿಲ್ಲಿಸಿದ್ದರೆ ಎಲ್ಲರ ವರದಿಗಳಿಗೂ ಕಾವಲು ತಪ್ಪುತ್ತಿತ್ತು. ಇದನ್ನು ವಾಸಂತಿಯಕ್ಕನಿಗೆ ಅರಿಕೆ ಮಾಡಿದೆನು.

"ಅದನ್ನು ತೆಗೀಬೇಡಿ. ನಮ್ಮ ಟೆಸ್ಟ್ ಮೆಷಿನಲ್ಲಿ ರಿಸಲ್ಟ್ ಉಂಟು, ನಾನು ಬರೆದು ಮೇಲೆ ಕೊಡ್ತೇನೆ. ನೀವು ನಿಧಾನ ನೋಡಿ," ಎಂದವರೇ ಹೊರಟರು.

ಅವರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದಷ್ಟು ಹೊತ್ತು ನಾನು ಸರ್ವರ್ ಬರೆದಿಟ್ಟಿದ್ದ ನಿರಾಕರಣೆಯ ದಾಖಲೆಯನ್ನು ಸಾಲುಸಾಲಾಗಿ ಓದಿದೆನು. ವರದಿಗಳಿಗೆ ಬೇಕಾದ ಅನುಮತಿಯ ನಿಯಮವನ್ನು ಮೊದಲ ಸರ್ವರಿಗೆ ಮಾತ್ರ ಸೇರಿಸಿ, ಜೋಡಿಗೆ ಸೇರಿಸಲು ನಾನೇ ಮರೆತಿದ್ದೆನು. ಸೇರಿಸಿದೊಡನೆ ವರದಿಗಳು ತೆರೆದವು. ಕುರ್ಚಿಗೆ ಒರಗಿ ದೀರ್ಘವಾಗಿ ಉಸಿರುಬಿಟ್ಟೆನು.

ಕಚೇರಿಗೆ ಸಲ್ಲಿಸಿದ ದೋಷಪತ್ರದಲ್ಲಿ 'ಸರಿಪಡಿಸಿದವರು' ಎಂಬಲ್ಲಿ ಎರಡು ಹೆಸರುಗಳಿವೆ. ಮೊದಲನೆಯದು ವಾಸಂತಿಯಕ್ಕನದು.